ಮಂಚದ ಕೆಳಗಿನ ಚೆನ್ನಿ: ಬೆದರಿದ ನಾಯಿಗೆ ಮನುಷ್ಯರ ಮೇಲೆ ಮತ್ತೆ ನಂಬಿಕೆ ಬರುವುದು ಹೇಗೆ?

ಪ್ರಶ್ನೆ: ನಾವು ಧಾರವಾಡದವರು. ಹನ್ನೊಂದು ವಾರಗಳ ಹಿಂದೆ, ಸುಮಾರು ಮೂರು ವರ್ಷದ ಹೆಣ್ಣು ಮುಧೋಳ ನಾಯಿಯೊಂದನ್ನು ಪ್ರಾಣಿರಕ್ಷಣೆಯ ಕಾರ್ಯಕರ್ತರಿಂದ ಪಡೆದು ಮನೆಗೆ ತಂದೆವು. ಮರಿಗಳನ್ನು ಮಾರುವವರೊಬ್ಬರು ಅದನ್ನು ತೋಟದಲ್ಲಿ ಸರಪಳಿಗೆ ಕಟ್ಟಿ, ಎರಡು ಮೂರು ಸೂಲು ಮರಿ ಹಾಕಿಸಿ, ಕೊನೆಗೆ ರಸ್ತೆಬದಿಯಲ್ಲಿ ಬಿಟ್ಟುಹೋಗಿದ್ದರಂತೆ. ಚೆನ್ನಿ ಎಂದು ಹೆಸರಿಟ್ಟಿದ್ದೇವೆ. ಹಗಲೆಲ್ಲ ಅತ್ತೆಯವರ ಮಂಚದ ಕೆಳಗೇ ಇರುತ್ತಾಳೆ, ಎಲ್ಲರೂ ಮಲಗಿದ ಮೇಲೆ ಮಾತ್ರ ಉಣ್ಣುತ್ತಾಳೆ. ಮಗಳು ಹತ್ತಿರ ಹೋದರೆ ಸುಮ್ಮನಿರುತ್ತಾಳೆ, ಆದರೆ ನನ್ನ ಪತಿ ಕುರ್ಚಿಯಿಂದ ಎದ್ದರೆ ಸಾಕು, ಕುಳಿತಲ್ಲೇ ಮೂತ್ರ ಮಾಡಿಕೊಳ್ಳುತ್ತಾಳೆ. ಮೂರು ವಾರಗಳ ಹಿಂದೆ ಕಸ ಗುಡಿಸಲೆಂದು ಅತ್ತೆ ಅವಳ ಪಟ್ಟಿ ಹಿಡಿದು ಹೊರಗೆಳೆಯಲು ಹೋದಾಗ ಗುರ್ ಎಂದು ಅವರ ಕೈ ಕಚ್ಚಿದಳು. ಹಲ್ಲು ತಾಗಿ ಸ್ವಲ್ಪ ರಕ್ತ ಬಂತು, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದೆವು. ಯಜಮಾನರು ಯಾರೆಂದು ಅವಳಿಗೆ ತೋರಿಸಿಕೊಡಬೇಕು ಎಂದು ತರಬೇತುದಾರರೊಬ್ಬರು ಹೇಳುತ್ತಾರೆ. ಹೆದರಿದಾಗ ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆ ಎಂದು ನೆರೆಯವರು ಹೇಳುತ್ತಾರೆ. ಸಂಜೆ ಅತ್ತೆ ಭಜನೆ ಹಾಡುವಾಗ ಮಾತ್ರ ಮೂತಿಯನ್ನು ಮಂಚದಿಂದ ಹೊರಗಿಡುತ್ತಾಳೆ. ದೀಪಾವಳಿಗೆ ಇನ್ನೆರಡೇ ತಿಂಗಳು. ಇವಳು ಎಂದಾದರೂ ನಮ್ಮನ್ನು ನಂಬುವಳೇ, ಅಥವಾ ಮರಳಿ ಕಳುಹಿಸುವುದೇ ಅವಳಿಗೆ ಒಳಿತೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿನ ಅಳಲು ಒಂದೇ ಎಂದು ನನಗನ್ನಿಸುತ್ತದೆ: ಇಷ್ಟು ಅಕ್ಕರೆ ತೋರಿಸಿದರೂ ಈ ನಾಯಿಗೆ ನಮ್ಮ ಮೇಲೆ ನಂಬಿಕೆ ಏಕೆ ಬರುತ್ತಿಲ್ಲ? ಅದಕ್ಕೆ ಉತ್ತರಿಸುವ ಮೊದಲು ಕಚ್ಚಿದ ವಿಷಯವನ್ನು ಮುಗಿಸಿಬಿಡೋಣ. ಕಚ್ಚಿದ ದಿನದಿಂದ ಹತ್ತು ದಿನಗಳವರೆಗೆ ನಾಯಿ ಆರೋಗ್ಯವಾಗಿ ಬದುಕಿದ್ದರೆ, ಅಂದು ಅದರ ಜೊಲ್ಲಿನಲ್ಲಿ ರೇಬೀಸ್ ವೈರಾಣು ಇರಲಿಲ್ಲ ಎಂದೇ ಅರ್ಥ. ಮೂರು ವಾರ ಕಳೆದಿರುವುದರಿಂದ ಆ ಭಯವನ್ನು ಬಿಡಬಹುದು. ಆದರೆ ಮುಂದೆ ಎಂದಾದರೂ ಹೀಗಾದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಪೂರ್ತಿ ಹದಿನೈದು ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು, ಏಕೆಂದರೆ ಧನುರ್ವಾಯುವಿನ ಚುಚ್ಚುಮದ್ದಿಗೂ ರೇಬೀಸಿಗೂ ಸಂಬಂಧವಿಲ್ಲ. ಚೆನ್ನಿಯ ಲಸಿಕೆಯ ಚೀಟಿ ನಿಮ್ಮಲ್ಲಿ ಇಲ್ಲದಿದ್ದರೆ, ಹಿಂದೆ ಹಾಕಿಸಿರಬಹುದು ಎಂದು ಊಹಿಸದೆ ಹೊಸದಾಗಿ ಹಾಕಿಸಿರಿ.

ಇನ್ನು ಎರಡನೆಯ ಮಾತು. ಹೆದರಿಕೆಯೆಂದು ನಾವು ಕರೆಯುವುದರ ಕೆಳಗೆ ಎಷ್ಟೋ ಸಲ ನೋವು ಅಡಗಿರುತ್ತದೆ. ಪಟ್ಟಿ ಹಿಡಿದಾಗ ಕಚ್ಚಿದ ನಾಯಿಯ ಕುತ್ತಿಗೆಯನ್ನೂ ಕಿವಿಯನ್ನೂ ನಾನು ಮೊದಲು ನೋಡುತ್ತೇನೆ, ಏಕೆಂದರೆ ವರ್ಷಗಟ್ಟಲೆ ಸರಪಳಿಯಲ್ಲಿದ್ದ ನಾಯಿಗಳ ಕುತ್ತಿಗೆಯ ಚರ್ಮ ಮತ್ತು ಸ್ನಾಯುಗಳಲ್ಲಿ ಹಳೆಯ ಗಾಯಗಳಿರುವುದು ಸಾಮಾನ್ಯ. ನಮ್ಮ ಕಡೆ ಉಣ್ಣಿ ಜ್ವರವೂ ಸಾಮಾನ್ಯ. ಎರ್ಲಿಕಿಯಾ ಅಥವಾ ಬಬೇಸಿಯಾ ಸೋಂಕು ಒಳಗೊಳಗೇ ಇದ್ದರೆ ನಾಯಿ ಮಂಕಾಗಿ, ಮೈಕೈ ನೋವಿನಿಂದ ಮೂಲೆ ಹಿಡಿಯುತ್ತದೆ, ಮನೆಯವರು ಅದನ್ನು ಅಂಜಿಕೆಯೆಂದು ತಿಳಿಯುತ್ತಾರೆ. ಚೆನ್ನಿಗೆ ಸಂತಾನಹರಣ ಚಿಕಿತ್ಸೆ ಆಗಿರದಿದ್ದರೆ ಗರ್ಭಕೋಶದಲ್ಲಿ ಕೀವಾಗಿರುವ ಸಾಧ್ಯತೆಯನ್ನೂ ಪರೀಕ್ಷಿಸಬೇಕು. ಬೆದೆ ಮುಗಿದ ಕೆಲವು ವಾರಗಳಲ್ಲಿ ವಿಪರೀತ ನೀರು ಕುಡಿಯುವುದು, ಊಟ ಬಿಡುವುದು, ಸ್ರಾವ ಕಾಣಿಸುವುದು ಅದರ ಲಕ್ಷಣಗಳು, ಮತ್ತು ಆಗ ಒಂದು ದಿನವೂ ತಡ ಮಾಡುವಂತಿಲ್ಲ. ಸಂತಾನಹರಣ ಮಾಡಿಸಿದರೆ ಈ ಅಪಾಯ ತಪ್ಪುತ್ತದೆಯೇ ಹೊರತು ಹೆದರಿಕೆ ಹೋಗುವುದಿಲ್ಲ. ಮಾಡಿಸುವುದಾದರೆ, ಮುಧೋಳದಂತಹ ಕೊಬ್ಬಿಲ್ಲದ ತೆಳುಮೈಯ ಬೇಟೆನಾಯಿಗಳು ಥಯೋಪೆಂಟಾಲ್ ಬಗೆಯ ಅರಿವಳಿಕೆಯಿಂದ ಬಹಳ ನಿಧಾನವಾಗಿ ಚೇತರಿಸಿಕೊಳ್ಳುತ್ತವೆ ಎಂಬುದನ್ನು ವೈದ್ಯರಿಗೆ ನೆನಪಿಸುವುದು ತಪ್ಪೇನಲ್ಲ.

ದೇಹ ಸ್ವಸ್ಥವಾಗಿದೆ ಎಂದಾದ ಮೇಲೆ ಮನಸ್ಸಿನ ಮಾತು. ಪತಿ ಎದ್ದರೆ ಮೂತ್ರ ಮಾಡಿಕೊಳ್ಳುತ್ತಾಳೆ ಎಂದ ಕೂಡಲೇ ಬಹುತೇಕರು, ಯಾರೋ ಗಂಡಸು ಇವಳನ್ನು ಹೊಡೆದಿರಬೇಕು ಎಂಬ ಕಥೆಯನ್ನು ಕಟ್ಟಿಕೊಳ್ಳುತ್ತಾರೆ. ಹೊಡೆದಿರಲೂಬಹುದು. ಆದರೆ ಏಟು ತಿನ್ನದೆಯೂ ನಾಯಿ ಹೀಗಾಗಬಲ್ಲದು. ನಾಯಿಮರಿಯ ಬದುಕಿನಲ್ಲಿ ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೆಯ ವಾರದವರೆಗೆ ಒಂದು ಬಾಗಿಲು ತೆರೆದಿರುತ್ತದೆ, ಆ ಅವಧಿಯಲ್ಲಿ ಕಂಡು, ಕೇಳಿ, ಮೂಸಿದ್ದೆಲ್ಲ ಜಗತ್ತಿನ ಸಹಜ ಭಾಗವೆಂದು ಅದರ ಮಿದುಳು ದಾಖಲಿಸಿಕೊಳ್ಳುತ್ತದೆ. ಹದಿನಾಲ್ಕು ವಾರ ಮನುಷ್ಯರ ಸಂಪರ್ಕವೇ ಇಲ್ಲದೆ ಬಯಲಿನಲ್ಲಿ ಬೆಳೆಸಿದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆ ಮನುಷ್ಯರಿಂದ ದೂರ ಓಡಿದವೆಂದು ಅಮೆರಿಕದಲ್ಲಿ ನಡೆದ, 1961ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಆ ಮರಿಗಳನ್ನು ಯಾರೂ ಹೊಡೆದಿರಲಿಲ್ಲ. ತೋಟದ ಶೆಡ್ಡಿನಲ್ಲಿ ಹುಟ್ಟಿ, ಊಟ ಹಾಕುವ ಒಬ್ಬನನ್ನು ಬಿಟ್ಟು ಬೇರೆ ಮನುಷ್ಯರನ್ನು ಕಾಣದೆ ಬೆಳೆದಿದ್ದರೆ, ಚೆನ್ನಿಗೆ ಕುರ್ಚಿ ಎಳೆಯುವ ಸದ್ದು, ಮಿಕ್ಸರ್, ಹೊಸ್ತಿಲು, ನಿಂತ ಗಂಡಸಿನ ಎತ್ತರ ಇವೆಲ್ಲವೂ ಎಂದೂ ಓದದ ಭಾಷೆ. ಇದರ ಮೇಲೆ ತಳಿಯ ಗುಣವೂ ಸೇರುತ್ತದೆ: ಚೆನ್ನಾಗಿ ಬೆಳೆದ ಮುಧೋಳ ನಾಯಿಯೂ ಅಪರಿಚಿತರು ಮೈಮುಟ್ಟುವುದನ್ನು ಸಹಿಸುವುದು ಕಡಿಮೆ, ಬಾಗಲಕೋಟೆ ಕಡೆ ಅವುಗಳನ್ನು ಸಾಕುವ ಯಾವ ಮನೆಯವರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಏಟು ತಿಂದು ಹೆದರಿದ ನಾಯಿ ಕಳೆದುಕೊಂಡ ನಂಬಿಕೆಯನ್ನು ಮರಳಿ ಪಡೆಯಬೇಕು, ಬಾಗಿಲು ಮುಚ್ಚಿದ ಮೇಲೆ ಲೋಕಕ್ಕೆ ಬಂದ ನಾಯಿಯಾದರೋ ನಂಬುವುದನ್ನೇ ಮೊದಲ ಬಾರಿಗೆ ಕಲಿಯಬೇಕು. ಎರಡನೆಯದಕ್ಕೆ ಹೆಚ್ಚು ಕಾಲ ಬೇಕು, ಮತ್ತು ಅದು ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದಕ್ಕೂ ಒಂದು ಮಿತಿಯಿರುತ್ತದೆ.

ತರಬೇತುದಾರರ ಮಾತಿಗೆ ಬರುತ್ತೇನೆ. ನಾಯಿಗೆ ಯಜಮಾನಿಕೆ ತೋರಿಸಬೇಕೆಂಬ ವಾದದ ಬೇರು, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳು ಮೃಗಾಲಯದ ಆವರಣದಲ್ಲಿ ಒಟ್ಟಿಗಿದ್ದುದನ್ನು ನೋಡಿ ಪ್ರಾಣಿವರ್ತನೆಯ ಅಧ್ಯಯನಕಾರ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಅಧ್ಯಯನದಲ್ಲಿದೆ. ಅದನ್ನು 1970ರ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ತೋಳತಜ್ಞ ಡೇವಿಡ್ ಮೆಕ್ ಅವರೇ, ಕಾಡಿನಲ್ಲಿ ತೋಳದ ಹಿಂಡೆಂದರೆ ತಂದೆ ತಾಯಿ ಮಕ್ಕಳ ಕುಟುಂಬವೆಂದು ಕಂಡುಕೊಂಡು, 1999ರಲ್ಲಿ ಹಿಂಡಿನ ಯಜಮಾನನೆಂಬ ಅರ್ಥದ ‘ಆಲ್ಫಾ’ ಎಂಬ ಪರಿಭಾಷೆಯನ್ನು ಕೈಬಿಡಬೇಕೆಂದು ಬರೆದರು. ಅದೇನೇ ಇರಲಿ, ಮಂಚದ ಕೆಳಗೆ ಮುದುಡಿ ಮೂತ್ರ ಮಾಡಿಕೊಳ್ಳುವ ಜೀವಕ್ಕೆ ಯಜಮಾನಿಕೆಯ ಆಸೆಯಿದೆ ಎಂದು ನಂಬಲು ನನಗಂತೂ ಆಗುವುದಿಲ್ಲ. ಆ ಮೂತ್ರ, ದಯವಿಟ್ಟು ನನ್ನನ್ನು ಬಿಟ್ಟುಬಿಡಿ ಎಂಬ ಕೋರಿಕೆ. ಬಾರು ಜಗ್ಗಿ, ನೆಲಕ್ಕೊತ್ತಿ, ಜನಸಂದಣಿಗೆ ಎಳೆದೊಯ್ದು ಹೆದರಿಕೆ ಬಿಡಿಸುತ್ತೇವೆ ಎನ್ನುವವರ ಕೈಯಲ್ಲಿ ನಾಯಿ ಕೆಲವೇ ದಿನಗಳಲ್ಲಿ ಸುಮ್ಮನಾಗುವುದು ನಿಜ, ಮತ್ತು ಜನ ಮೋಸಹೋಗುವುದು ಅಲ್ಲಿಯೇ. 1967ರಲ್ಲಿ ಸೆಲಿಗ್ಮನ್ ಮತ್ತು ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುದಾಘಾತಕ್ಕೆ ಗುರಿಯಾದ ನಾಯಿಗಳಲ್ಲಿ ಬಹಳಷ್ಟು, ಆಮೇಲೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೂ ಎದ್ದು ಹೋಗದೆ ಬಿದ್ದುಕೊಂಡೇ ಇದ್ದವು. ಅದು ಕೈಚೆಲ್ಲಿದ ಮೌನ. ಅಂಥ ನಾಯಿ ಮುಂದೊಂದು ದಿನ ಗುರುಗುಟ್ಟದೆಯೇ ಕಚ್ಚುತ್ತದೆ, ಏಕೆಂದರೆ ಗುರುಗುಟ್ಟಿದ್ದಕ್ಕೆಲ್ಲ ಅದಕ್ಕೆ ಶಿಕ್ಷೆಯಾಗಿರುತ್ತದೆ. ಚೆನ್ನಿ ಗುರ್ ಎಂದು ಎಚ್ಚರಿಸಿ ಕಚ್ಚಿದಳಲ್ಲ, ಆ ಎಚ್ಚರಿಕೆಯನ್ನು ಕಾಪಾಡಿಕೊಳ್ಳಿ.

ನೆರೆಯವರು ಹೇಳಿದ್ದು ಇನ್ನೊಂದು ತುದಿಯ ತಪ್ಪು. ಭಯ ಒಂದು ಭಾವನೆ, ಬಹುಮಾನಕ್ಕಾಗಿ ಮಾಡುವ ಚೇಷ್ಟೆಯಲ್ಲ, ಆದ್ದರಿಂದ ಸಾಂತ್ವನದಿಂದ ಅದು ಹೆಚ್ಚುವುದಿಲ್ಲ. ಗುಡುಗಿಗೆ ಬೆದರಿ ಅವಳಾಗಿಯೇ ನಿಮ್ಮ ಮಗಳ ಮಡಿಲಿಗೆ ಬಂದರೆ ಧಾರಾಳವಾಗಿ ತಬ್ಬಿಕೊಳ್ಳಲಿ. ಪ್ರಶ್ನೆಯೆಂದರೆ, ಮುದ್ದಿಸುವುದು ಅವಳಿಗೆ ಸಾಂತ್ವನವೇ ಅಥವಾ ನಮಗೋ ಎಂಬುದು. ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಮುಂಗಾಲು ಎತ್ತಿ ನಿಲ್ಲುವುದು, ಇದ್ದಕ್ಕಿದ್ದಂತೆ ಮರಗಟ್ಟಿದಂತಾಗುವುದು, ಇವೆಲ್ಲ ಬೇಡವೆನ್ನುವ ರೀತಿಗಳು. ಮಗಳು ಹತ್ತಿರ ಹೋದಾಗ ಸುಮ್ಮನಿರುತ್ತಾಳೆ ಎಂದಿದ್ದೀರಿ. ಆ ಸುಮ್ಮನಿರುವಿಕೆ ಯಾವ ಬಗೆಯದೆಂದು ಒಮ್ಮೆ ಗಮನಿಸಿ. ಎದೆಯ ಪಕ್ಕವನ್ನೋ ಭುಜವನ್ನೋ ಮೂರು ಸೆಕೆಂಡು ಸವರಿ ಕೈ ಹಿಂತೆಗೆದುಕೊಳ್ಳಲಿ, ನೆತ್ತಿಯ ಮೇಲೆ ಕೈ ಚಾಚುವುದು ಬೇಡ. ಚೆನ್ನಿ ಮತ್ತೆ ಒರಗಿದರೆ ಇನ್ನಷ್ಟು ಸವರಬಹುದು, ಹಾಗೆಯೇ ಇದ್ದರೆ ಅಥವಾ ತಲೆ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಬೇಕು.

ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಒಂದು ಕೆಟ್ಟ ಸಲಹೆಯನ್ನು ಎಷ್ಟೋ ಮನೆಗಳಿಗೆ ಕೊಟ್ಟಿದ್ದೇನೆ: ಅಂಗೈಯಲ್ಲಿ ರುಚಿಯಾದ ತಿನಿಸು ಹಿಡಿದು, ಬಾ ಬಾ ಎಂದು ಹತ್ತಿರ ಕರೆಯಿರಿ ಎಂದು. ಹಸಿದ ನಾಯಿ ಕುತ್ತಿಗೆಯನ್ನು ಉದ್ದಕ್ಕೆ ಚಾಚಿ, ಹಿಂಗಾಲುಗಳನ್ನು ಹಿಂದೆಯೇ ಊರಿಕೊಂಡು, ತಿನಿಸಿಗೋಸ್ಕರ ತನ್ನ ಧೈರ್ಯದ ಗಡಿಯನ್ನು ದಾಟಿ ಬರುತ್ತದೆ. ತಿಂದು ಮುಗಿದ ಕ್ಷಣದಲ್ಲಿ ಮನುಷ್ಯನ ಮುಖ ತನ್ನ ಮುಖಕ್ಕೆ ಅಂಟಿಕೊಂಡಂತಿರುವುದು ಅದಕ್ಕೆ ಅರಿವಾಗುತ್ತದೆ, ಆಗ ಅದು ಓಡುತ್ತದೆ ಅಥವಾ ಕಚ್ಚುತ್ತದೆ. ಹೀಗೆ ಕಚ್ಚಿಸಿಕೊಂಡ ಒಬ್ಬ ಹುಡುಗನ ಬೆರಳನ್ನು ಕಂಡ ಮೇಲೆ ನಾನು ಆ ಸಲಹೆಯನ್ನು ಬಿಟ್ಟೆ. ಈಗ ಹೇಳುವುದು ಇದರ ತದ್ವಿರುದ್ಧ: ತಿನಿಸನ್ನು ನಾಯಿಯ ಹಿಂದಕ್ಕೆ ಎಸೆಯಿರಿ. ಅದನ್ನು ತಿನ್ನಲು ಅವಳು ನಿಮ್ಮಿಂದ ದೂರ ಹೋಗಬೇಕು, ದೂರ ಹೋದೊಡನೆ ಎದೆ ಹಗುರಾಗುತ್ತದೆ, ಇನ್ನೊಂದು ಚೂರು ಸಿಕ್ಕೀತೇ ಎಂದು ತಿರುಗಿ ನೋಡುತ್ತಾಳೆ, ಎರಡು ಹೆಜ್ಜೆ ಬರುತ್ತಾಳೆ. ಆ ಎರಡು ಹೆಜ್ಜೆ ಅವಳದೇ ತೀರ್ಮಾನ. ಹತ್ತಿರ ಬರುವ ಅಧಿಕಾರಕ್ಕಿಂತ ದೂರ ಹೋಗುವ ಅಧಿಕಾರ ತನ್ನಲ್ಲಿದೆ ಎಂದು ಗೊತ್ತಾದ ನಾಯಿಯೇ ಬೇಗ ಹತ್ತಿರವಾಗುತ್ತದೆ. ನೀವು ಕೊಡುತ್ತಿರುವ ಪ್ರೀತಿಯಲ್ಲಿ ಕೊರತೆಯಿಲ್ಲ, ಆದರೆ ಬೇಡವೆನ್ನುವ ಅವಕಾಶ ಅದರಲ್ಲಿ ಅವಳಿಗೆ ಇನ್ನೂ ಸಿಕ್ಕಿಲ್ಲ.

ಈ ಕೆಲಸದಲ್ಲಿ ನಿಮ್ಮ ಪತಿಯ ಪಾತ್ರ ದೊಡ್ಡದು ಮತ್ತು ಬಹುಮಟ್ಟಿಗೆ ಏನೂ ಮಾಡದಿರುವುದು. ಅವರು ಚೆನ್ನಿಯನ್ನು ನೋಡದೆ, ಮಾತಾಡಿಸದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೋ ತಗ್ಗಾದ ಮಣೆಯ ಮೇಲೋ ಕುಳಿತು ಪತ್ರಿಕೆ ಓದಲಿ. ಏಳುವ ಮೊದಲು ಪ್ರತಿಸಲವೂ ಒಂದೇ ಮಾತನ್ನು, ಉದಾಹರಣೆಗೆ ಏಳ್ತೀನಿ ಎಂದು, ಮೆಲ್ಲಗೆ ಹೇಳಿ, ಎರಡು ಕ್ಷಣ ಬಿಟ್ಟು, ಅವಳಿಂದ ದೂರದ ದಿಕ್ಕಿಗೆ ಏಳಲಿ, ಎದ್ದ ಮೇಲೆ ಮಂಚದತ್ತ ಒಂದು ಪನೀರ್ ಚೂರನ್ನು ಎಸೆದು ಹೊರಟುಹೋಗಲಿ. ಇಲ್ಲಿ ಕ್ರಮ ತಪ್ಪಬಾರದು. ಹೆದರಿಸುವ ಸಂಗತಿ ಮೊದಲು, ತಿನಿಸು ನಂತರ. ತಿನಿಸು ಮೊದಲು ಬಂದು ಹೆದರಿಕೆ ಆಮೇಲೆ ಬಂದರೆ, ಪನೀರನ್ನು ಕಂಡರೂ ಅಪಾಯ ಬಂತೆಂದು ಅವಳು ಬೆದರಲು ಕಲಿಯುತ್ತಾಳೆ, ಎಷ್ಟೋ ಮನೆಗಳಲ್ಲಿ ಈ ಉಪಾಯ ಕೈಕೊಡುವುದು ಈ ಸಣ್ಣ ಅದಲುಬದಲಿನಿಂದ. ಕ್ರಮದಷ್ಟೇ ದೂರವೂ ಮುಖ್ಯ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಬಾಲಕ ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ಇಷ್ಟಿಷ್ಟೇ ಹತ್ತಿರಕ್ಕೆ ತಂದು ಅವನ ಭಯವನ್ನು ಕಳೆದದ್ದನ್ನು ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ವರದಿ ಮಾಡಿದರು. ಅಲ್ಲಿ ಗುಟ್ಟು ಮೊಲ ಎಷ್ಟು ದೂರದಲ್ಲಿದೆ ಎಂಬುದರಲ್ಲಿತ್ತು. ಮೊಲ ತುಸು ಬೇಗ ಹತ್ತಿರ ಬಂದಿದ್ದರೆ ತಿಂಡಿಯೇ ಬೇಡವಾಗುತ್ತಿತ್ತು. ಚೆನ್ನಿ ತಿನಿಸನ್ನು ಮುಟ್ಟದಿದ್ದರೆ, ನೀವು ಅವಳ ಗಡಿಯನ್ನು ಈಗಾಗಲೇ ದಾಟಿದ್ದೀರಿ ಎಂದು ತಿಳಿದು ಹಿಂದೆ ಸರಿಯಿರಿ. ಪನೀರ್, ಬೇಯಿಸಿದ ಸಿಹಿಗೆಣಸು, ನಿಮ್ಮ ಮನೆಯಲ್ಲಿ ನಡೆಯುವುದಾದರೆ ಬೇಯಿಸಿದ ಮೊಟ್ಟೆ, ಇವು ಕಡಲೆಕಾಳಿನಷ್ಟು ಗಾತ್ರದಲ್ಲಿದ್ದರೆ ಸಾಕು. ಧಾರವಾಡದಲ್ಲಿದ್ದೀರಿ, ಪೇಢೆ ಮಾತ್ರ ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗಳಿಗೆ ವಿಷ.

ಮಂಚದ ಕೆಳಗಿನ ಜಾಗ ಅವಳಿಗೇ ಇರಲಿ. ಅಲ್ಲಿಗೆ ಕೈ ಹಾಕುವುದನ್ನು ಇಂದಿನಿಂದಲೇ ನಿಲ್ಲಿಸಿ, ಕಸವನ್ನು ಅವಳು ರಾತ್ರಿ ಹೊರಬಂದಾಗ ಗುಡಿಸಿದರಾಯಿತು. ಸಾಧ್ಯವಿದ್ದರೆ ಮಂಚವನ್ನು ಗೋಡೆಯಿಂದ ಒಂದಡಿ ಸರಿಸಿ, ಎರಡು ಕಡೆಯಿಂದಲೂ ಹೊರಹೋಗುವಂತೆ ಮಾಡಿ, ಏಕೆಂದರೆ ದಾರಿ ಒಂದೇ ಇರುವ ಮೂಲೆಯಲ್ಲಿ ನಾಯಿಗೆ ಕಚ್ಚುವುದೊಂದೇ ಉಳಿಯುತ್ತದೆ. ಊಟದ ತಟ್ಟೆಯನ್ನು ಈಗಿರುವಲ್ಲಿಯೇ, ದಿನವೂ ಒಂದೇ ಹೊತ್ತಿಗೆ ಇಡಿ. ರಾತ್ರಿ ಹನ್ನೊಂದಕ್ಕೆ ಉಣ್ಣುತ್ತಿದ್ದವಳು ಹತ್ತಕ್ಕೆ, ಆಮೇಲೆ ದೂರದ ಕೋಣೆಯಲ್ಲಿ ಟಿವಿ ನಡೆಯುತ್ತಿರುವಾಗ ಉಂಡರೆ, ಅದು ವಾರಗಳ ಗಳಿಕೆ. ಮೂತ್ರ ಮಾಡಿಕೊಂಡಾಗ ಯಾರೂ ಏನೂ ಅನ್ನದೆ, ಅವಳು ಸರಿದ ಮೇಲೆ ಒರೆಸಿ. ಒಂದು ನೋಟ್‌ಬುಕ್ಕಿನಲ್ಲಿ ಹಗಲಲ್ಲಿ ಎಷ್ಟು ಸಲ ಹೊರಬಂದಳು, ಪತಿಯಿಂದ ಎಷ್ಟು ಅಡಿ ದೂರದಲ್ಲಿ ತಿನಿಸು ತಿಂದಳು ಎಂಬುದಷ್ಟನ್ನು ಬರೆಯಿರಿ. ದಿನ ದಿನ ನೋಡುವವರ ಕಣ್ಣಿಗೆ ಕಾಣದ ಬದಲಾವಣೆ ತಿಂಗಳ ಪುಟ ತಿರುವಿದಾಗ ಕಾಣುತ್ತದೆ. ಒಂದು ಕೆಟ್ಟ ದಿನದ ನಂತರ ಎರಡು ಮೂರು ದಿನ ಯಾವ ಹೊಸ ಪ್ರಯತ್ನವನ್ನೂ ಮಾಡಬೇಡಿ, ಏಕೆಂದರೆ ಹೆದರಿದ ಮೈ ಶಾಂತವಾಗಲು ಹೊತ್ತು ಹಿಡಿಯುತ್ತದೆ ಮತ್ತು ಸಣ್ಣ ಸಣ್ಣ ಗಾಬರಿಗಳು ಒಂದರ ಮೇಲೊಂದು ಪೇರಿಕೊಳ್ಳುತ್ತವೆ.

ಮನೆಯಿಂದ ಹೊರಗೆ ಕರೆದೊಯ್ಯುವ ಅವಸರ ಬೇಡ, ಹಿತ್ತಲಿದ್ದರೆ ಸದ್ಯಕ್ಕೆ ಅಷ್ಟು ಸಾಕು. ಇಲ್ಲಿರುವ ನಿಜವಾದ ಅಪಾಯ ಕಚ್ಚುವುದಲ್ಲ, ಕಳೆದುಹೋಗುವುದು. ಮುಧೋಳ ನಾಯಿಯ ತಲೆ ಕಿರಿದು, ಕುತ್ತಿಗೆ ದಪ್ಪ. ಮಾಮೂಲು ಪಟ್ಟಿಯಿಂದ ಅದು ಹಿಂದಕ್ಕೆ ಜಗ್ಗಿ ಕ್ಷಣಮಾತ್ರದಲ್ಲಿ ನುಣುಚಿಕೊಳ್ಳುತ್ತದೆ. ಜಗ್ಗಿದಾಗ ಮಿತಿಯಾಗಿ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿಯೊಂದು, ಎದೆ ಮತ್ತು ಸೊಂಟ ಎರಡನ್ನೂ ಬಳಸುವ ಹಾರ್ನೆಸ್ ಒಂದು, ಎರಡಕ್ಕೂ ಬೇರೆ ಬೇರೆ ಬಾರು, ಇಷ್ಟಿಲ್ಲದೆ ಗೇಟು ದಾಟಬೇಡಿ. ಇವನ್ನು ತೊಡಿಸುವುದಕ್ಕೂ ಅವಳ ಒಪ್ಪಿಗೆ ಬೇಕು, ಅದಕ್ಕೆ ಕೆಲವು ವಾರ ಹಿಡಿಯಲಿ. ಒಂದು ವೇಳೆ ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ. ಮೊಲದ ಹಿಂದೆ ಓಡಲೆಂದೇ ಹುಟ್ಟಿದ ಪ್ರಾಣಿಯನ್ನು ಓಡಿ ಹಿಡಿದವರಿಲ್ಲ, ಬೈಕಿನಲ್ಲಿ ಹಿಂಬಾಲಿಸಿದರೆ ಹಾಸಿಗೆಯ ವಾಸನೆ ತಲುಪದಷ್ಟು ದೂರ ಓಡುತ್ತದೆ. ಅವಳ ಹಾಸಿಗೆಯನ್ನೂ ಊಟವನ್ನೂ ಗೇಟಿನ ಬಳಿ ಇಟ್ಟು, ಗೇಟು ತೆರೆದು, ಮಗಳನ್ನು ನೆಲದ ಮೇಲೆ ಕೂರಿಸಿ ಕಾಯುವುದೇ ಹೆಚ್ಚು ಫಲಕಾರಿ.

ಔಷಧಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಾಯಿಗೆ ಮಾನಸಿಕ ಔಷಧಿಯೇ ಎಂದು ನಗುವವರ ನಡುವೆ ಈ ದಾರಿ ಮುಚ್ಚಿಹೋಗುತ್ತದೆ. ಹನ್ನೊಂದು ವಾರಗಳ ನಂತರವೂ ಹಗಲಲ್ಲಿ ಉಣ್ಣಲಾರದ ನಾಯಿ ಕಲಿಯುವ ಸ್ಥಿತಿಯಲ್ಲಿಲ್ಲ. ಫ್ಲೂಆಕ್ಸಿಟೀನ್‌ನಂತಹ ಔಷಧಿಗಳು ಭಯದ ಅಲೆಯನ್ನು ತುಸು ತಗ್ಗಿಸಿ ಕಲಿಕೆಗೆ ಎಡೆ ಮಾಡಿಕೊಡುತ್ತವೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ಆರಂಭದಲ್ಲಿ ಹಸಿವು ಕುಗ್ಗಬಹುದು, ಮಂಕು ಕವಿಯಬಹುದು, ಬೇರೆ ಕೆಲವು ಔಷಧಿಗಳೊಂದಿಗೆ ಸೇರಿದರೆ ಅಪಾಯವೂ ಉಂಟು, ಮತ್ತು ಒಮ್ಮೆಲೇ ನಿಲ್ಲಿಸುವಂತಿಲ್ಲ. ಆದ್ದರಿಂದ ರಕ್ತಪರೀಕ್ಷೆ ಮಾಡಿ, ತೂಕ ನೋಡಿ, ವೈದ್ಯರೇ ಬರೆದುಕೊಡಬೇಕು, ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನು ಎಂದೂ ಪ್ರಯೋಗಿಸಬಾರದು. ಔಷಧಿಯೊಂದರಿಂದಲೇ ಯಾವ ನಾಯಿಯೂ ಪತಿಯ ಪಕ್ಕ ಬಂದು ಕುಳಿತಿಲ್ಲ. ಮೇಲೆ ಹೇಳಿದ ನಿಧಾನದ ಕೆಲಸ ಅದರ ಜೊತೆಗೇ ನಡೆಯಬೇಕು.

ದೀಪಾವಳಿಗೆ ಬೇಕಾದದ್ದು ಬೇರೆ. ಪಟಾಕಿಯ ರಾತ್ರಿಗಳಿಗಾಗಿ ಗ್ಯಾಬಪೆಂಟಿನ್ ಅಥವಾ ಟ್ರಾಜೋಡೋನ್‌ನಂತಹ, ಗಂಟೆಗಳಲ್ಲಿ ಕೆಲಸ ಮಾಡುವ ಔಷಧಿಗಳಿವೆ. ಈಗಿನಿಂದಲೇ ವೈದ್ಯರೊಡನೆ ಮಾತಾಡಿ, ಹಬ್ಬಕ್ಕೆ ಮೊದಲು ಒಂದು ಶಾಂತ ದಿನ ಪ್ರಯೋಗಿಸಿ ಪ್ರಮಾಣವನ್ನು ಖಚಿತಪಡಿಸಿಕೊಳ್ಳಿ. ಏಸ್‌ಪ್ರೊಮಜಿನ್ ಎಂಬ ಹಳೆಯ ಮಂಪರು ಔಷಧಿಯೊಂದನ್ನೇ ಕೊಟ್ಟರೆ ನಾಯಿ ಅಲುಗಾಡದೆ ಬಿದ್ದಿರುತ್ತದೆ, ಆದರೆ ಒಳಗಿನ ಭಯ ಹಾಗೆಯೇ ಇರುತ್ತದೆ, ಓಡಲೂ ಆಗದೆ ಎಲ್ಲ ಸದ್ದನ್ನೂ ಕೇಳಿಸಿಕೊಳ್ಳುವ ಆ ಅವಸ್ಥೆಯನ್ನು ಅವಳಿಗೆ ತರಬೇಡಿ. ಆ ದಿನಗಳಲ್ಲಿ ಕತ್ತಲಾಗುವ ಮೊದಲೇ ಹಿತ್ತಲಿಗೆ ಬಿಟ್ಟು ಒಳತನ್ನಿ, ಮಂಚಕ್ಕೆ ದಪ್ಪ ಕಂಬಳಿ ಇಳಿಬಿಡಿ, ಫ್ಯಾನು ಮತ್ತು ರೇಡಿಯೋ ಹಾಕಿಡಿ, ಗೇಟಿಗೆ ಬೀಗವಿರಲಿ.

ಇನ್ನೊಂದು ನಾಯಿಯನ್ನು ತಂದರೆ ಹೇಗೆ ಎಂದು ಯಾರಾದರೂ ಸೂಚಿಸಬಹುದು. ಜನರನ್ನು ನಿಜವಾಗಿ ಇಷ್ಟಪಡುವ ಶಾಂತ ನಾಯಿಯನ್ನು ನೋಡಿ ಬೆದರಿದ ನಾಯಿ ಬೇಗ ಕಲಿತದ್ದನ್ನು ನಾನು ಹಲವು ಸಲ ಕಂಡಿದ್ದೇನೆ, ಹೊಸ ನಾಯಿಯೂ ಅಂಜುಬುರುಕಿಯಾಗಿ ಮಂಚದ ಕೆಳಗೆ ಎರಡು ಜೋಡಿ ಕಣ್ಣುಗಳಾದದ್ದನ್ನೂ ಕಂಡಿದ್ದೇನೆ. ಪರಿಚಿತರ ನಾಯಿಯೊಂದು ಆಗಾಗ ಬಂದುಹೋಗುವಂತಿದ್ದರೆ ಅದನ್ನು ಮೊದಲು ನೋಡಿ.

ಮರಳಿ ಕಳುಹಿಸುವ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಮನೆಯಲ್ಲಿ ತೆವಳುವ ಮಗುವಿದ್ದರೆ, ಅಥವಾ ಮಂಚಕ್ಕೆ ಕೈ ಹಾಕಬಾರದೆಂಬ ನಿಯಮವನ್ನು ಪಾಲಿಸಲಾಗದವರಿದ್ದರೆ, ಕಳುಹಿಸುವುದು ಅವಮಾನವಲ್ಲ. ನಿಮ್ಮ ಮನೆಯಲ್ಲಿ ಅಂಥದ್ದೇನೂ ಕಾಣುತ್ತಿಲ್ಲ. ಮಾರಾಟಗಾರರ ತೋಟ, ರಸ್ತೆ, ರಕ್ಷಣಾ ಕೇಂದ್ರ, ನಿಮ್ಮ ಮನೆ ಎಂದು ಈಗಾಗಲೇ ನಾಲ್ಕು ಜಾಗ ಕಂಡವಳಿಗೆ ಐದನೆಯ ಜಾಗ ಮತ್ತೆ ಮೊದಲಿನಿಂದ ಶುರುಮಾಡಿಸುತ್ತದೆ. ಆರು ತಿಂಗಳ ಗಡುವು ಇಟ್ಟುಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಅವಳು ಮನೆಯ ನಾಲ್ವರೊಡನೆ ನಿರಾಳವಾಗಿ ಓಡಾಡುವ ಹಂತಕ್ಕೆ ಬರಬಹುದು. ನೆಂಟರು ಬಂದಾಗ ಒಳಕೋಣೆಗೆ ಹೋಗುವ ಅಭ್ಯಾಸ ಮಾತ್ರ ಜೀವನವಿಡೀ ಉಳಿಯಬಹುದು, ಉಳಿದರೆ ಅದನ್ನು ಸೋಲೆಂದು ಎಣಿಸಬೇಡಿ.

ಕೊನೆಯದಾಗಿ ಅತ್ತೆಯವರ ಬಗ್ಗೆ. ನಾಯಿ ತಮ್ಮನ್ನು ದ್ವೇಷಿಸುತ್ತದೆ ಎಂದು ಅವರು ಕೊರಗುತ್ತಿದ್ದರೆ, ನಿಮ್ಮ ಪತ್ರದ ಅತ್ಯಂತ ಉಪಯುಕ್ತ ಸಾಲು ಅವರ ಭಜನೆಯದು ಎಂದು ತಿಳಿಸಿ. ದಿನವೂ ಒಂದೇ ಹೊತ್ತು, ಒಂದೇ ಜಾಗ, ಒಂದೇ ದನಿ, ಮತ್ತು ಆ ಹೊತ್ತಿನಲ್ಲಿ ಅವರು ಅವಳನ್ನು ನೋಡುವುದಿಲ್ಲ, ಕರೆಯುವುದಿಲ್ಲ, ಮುಟ್ಟುವುದಿಲ್ಲ. ನಾನು ಇಷ್ಟುದ್ದ ಬರೆದು ನಿಮ್ಮ ಪತಿಗೆ ಹೇಳಿದ್ದನ್ನೆಲ್ಲ ಅವರು ತಿಳಿಯದೆಯೇ ಮಾಡುತ್ತಿದ್ದಾರೆ. ಇವತ್ತಿನ ಸಂಜೆಯಿಂದ ಪಕ್ಕದಲ್ಲೊಂದು ಬಟ್ಟಲು ಪನೀರ್ ಇಟ್ಟುಕೊಂಡು, ಮೊದಲಿನಂತೆಯೇ ಎದುರಿನ ಗೋಡೆಯತ್ತ ಮುಖ ಮಾಡಿ ಹಾಡಲಿ. ಒಂದೊಂದು ನುಡಿ ಮುಗಿದಾಗ ತಿರುಗಿ ನೋಡದೆ ಒಂದು ಚೂರನ್ನು ಮಂಚದ ಅಂಚಿಗೆ ಜಾರಿಸಲಿ. ಹೊಸ ಹಾಡು ಬೇಡ, ಅವಳಿಗೆ ಪರಿಚಯವಾಗಿರುವುದನ್ನೇ ಹಾಡಲಿ.